ಟಂಕಸಾಲೆಯ ಬೀದಿಯಲ್ಲಿ

ಊರಿನಿಂದ ನೆಂಟರು ಬಂದರೆ ಮುಂಬಯಿಯ ಕನ್ನಡಿಗರಾದ ನಾವು ಅವರಿಗೆ ತೋರಿಸತಕ್ಕ ಸ್ಥಳಗಳ ಪಟ್ಟಿ ಬಹುಮಟ್ಟಿಗೆ ಗೊತ್ತಾದದ್ದೇ. ಗೇಟ್‌ವೇ, ಮಹಾಲಕ್ಷ್ಮಿಯ ಗುಡಿ, ಚೌಪಾಟಿ, ರಾಣಿಬಾಗು, ಇಷ್ಟಾಗುವ ಹೊತ್ತಿಗೆ ನೆಂಟರ ಕಾಲು ಸೋತಿರುತ್ತದೆ, ನಮ್ಮ ರಜೆಯೂ ಮುಗಿದಿರುತ್ತದೆ. ಈ ಪಟ್ಟಿಗೆ ಫೋರ್ಟ್ ವಿಭಾಗದ ಟಂಕಸಾಲೆಯನ್ನು ಸೇರಿಸಿದವರನ್ನು ನಾನು ಕಾಣೆ. ಅದಕ್ಕೆ ಕಾರಣವೂ ಉಂಟು. ಅದು ನಾಣ್ಯ ಮಾಡುವ ಸ್ಥಳವೇ ಹೊರತು ನೋಟಕರಿಗಾಗಿ ಇರುವ ಸ್ಥಳವಲ್ಲ. ಹೊರಗೆ ಪಹರೆ, ಎತ್ತರದ ಗೋಡೆ. ಒಳಗೆ ಏನು ನಡೆಯುತ್ತದೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಆದರೆ ಆ ಗೋಡೆಯ ಒಳಗೆ ಹುಟ್ಟಿದ ವಸ್ತುಗಳು ನಮ್ಮ ಎಲ್ಲರ ಮನೆಯಲ್ಲಿಯೂ ಇವೆ. ಬೀರುವಿನ ಮೂಲೆಯಲ್ಲಿರುವ ತಗಡಿನ ಡಬ್ಬಿಯನ್ನು ತೆರೆದು ನೋಡಿ: ಅಜ್ಜಿ ಕೊಟ್ಟ ರಾಣಿ ಛಾಪಿನ ರೂಪಾಯಿ, ನಡುವೆ ತೂತಿರುವ ಯುದ್ಧಕಾಲದ ಕಾಸು, ನಾಲ್ಕಾರು ನಯಾ ಪೈಸೆ, ಯಾವುದೋ ಮದುವೆಯ ಮುಯ್ಯಿಯಲ್ಲಿ ಬಂದ ಬೆಳ್ಳಿಯ ನಾಣ್ಯ. ಊರು ಬಿಟ್ಟು ಬರುವಾಗ ಹೊಲ ಮನೆಗಳನ್ನು ಹೊತ್ತು ತರಲಾಗದವರು ಈ ಡಬ್ಬಿಯನ್ನು ತಂದಿರುತ್ತಾರೆ. ಈಗ ಮಕ್ಕಳು ಆ ಡಬ್ಬಿಯನ್ನು ಮುಂದಿಟ್ಟುಕೊಂಡು, "ಇದರ ಬೆಲೆ ಎಷ್ಟು? ಇದು ಒಳ್ಳೆಯದೆ?" ಎಂದು ಕೇಳುತ್ತಾರೆ. ನಾವು ಅದನ್ನು ಬೆಳಕಿಗೆ ಹಿಡಿದು, ಹೊಳೆದರೆ ಒಳ್ಳೆಯದು, ಕಪ್ಪಾಗಿದ್ದರೆ ಕೆಟ್ಟದ್ದು ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಾಣ್ಯದ ವಿಷಯದಲ್ಲಿ ಅಕ್ಷರಶಃ ನಿಜ. ಫೋರ್ಟಿನಲ್ಲಿ ಅರ್ಧ ದಿನ ಕಾಲ್ನಡಿಗೆಯಲ್ಲಿ ತಿರುಗಿದರೆ ಅದು ಹೇಗೆ ನಿಜವೆಂಬುದನ್ನು ಕಣ್ಣಾರೆ ಕಲಿಯಬಹುದು.

ಮಾಟುಂಗದಿಂದಲೋ ದಾದರಿನಿಂದಲೋ ಲೋಕಲ್ ಹಿಡಿದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿಯಬೇಕು. ಹಳಬರಿಗೆ ಅದು ಇನ್ನೂ ಬೋರಿಬಂದರೇ. ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದು, ಎಡಕ್ಕೆ ಸರ್ ಫಿರೋಜ್‌ಶಹಾ ಮೆಹತಾ ರಸ್ತೆಗೆ ಹೊರಳಿದರೆ ಅಮರ್ ಬಿಲ್ಡಿಂಗ್ ಎಂಬ ಕಟ್ಟಡ ಸಿಗುತ್ತದೆ. ಅದರ ನೆಲ ಅಂತಸ್ತಿನಲ್ಲಿ ರಿಜರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಇದೆ. ೨೦೦೪ರ ನವೆಂಬರಿನಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಮರು ಅದನ್ನು ಉದ್ಘಾಟಿಸಿದರು. ರಜೆಯ ದಿನ ಯಾವುದು, ಬಾಗಿಲು ತೆರೆಯುವ ಹೊತ್ತು ಯಾವುದು ಎಂಬುದನ್ನು ವಿಚಾರಿಸಿಕೊಂಡು ಹೊರಡುವುದು ಲೇಸು. ಪ್ರಾಚೀನ ಕಾಲದ ಬೆಳ್ಳಿಯ ತುಣುಕುಗಳಿಂದ ಹಿಡಿದು ಇಂದಿನ ನೋಟುಗಳವರೆಗೆ ಹಣದ ಕಥೆಯನ್ನು ಅಲ್ಲಿ ಸಾಲಾಗಿ ಜೋಡಿಸಿದ್ದಾರೆ.

ಮೊದಲು ನೋಡಬೇಕಾದದ್ದು ಕೈಯಿಂದ ಹೊಡೆದ ನಾಣ್ಯಗಳನ್ನು. ಹಿಂದೆ ಬೆಳ್ಳಿಯ ತಗಡನ್ನು ತೂಕಕ್ಕೆ ಸರಿಯಾಗಿ ಕತ್ತರಿಸಿ, ಸೂರ್ಯ, ಮರ, ಆನೆ ಮುಂತಾದ ಚಿಹ್ನೆಗಳ ಉಳಿಗಳನ್ನು ಒಂದೊಂದಾಗಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದು ಚಿಹ್ನೆಯ ಮೇಲೆ ಇನ್ನೊಂದು ಹತ್ತಿರಬಹುದು, ಅರ್ಧ ಚಿಹ್ನೆ ಅಂಚಿನಾಚೆ ಹೋಗಿರಬಹುದು. ಮುಂದೆ ಕನ್ನಡ ನಾಡಿನಲ್ಲಿ ಬಂದ ಪದ್ಮಟಂಕಗಳಲ್ಲಿಯೂ ಹೀಗೆಯೇ, ನಡುವೆ ಒಂದು ಕಮಲ, ಸುತ್ತಲೂ ಬೇರೆ ಬೇರೆ ಮುದ್ರೆಗಳು. ಟಂಕಸಾಲೆಗೆ ಹಳಗನ್ನಡದಲ್ಲಿ 'ಕಮ್ಮಟ' ಎಂಬ ಹೆಸರಿತ್ತು. ಗದಗಿನ ಬಳಿಯ ಲಕ್ಕುಂಡಿಯಲ್ಲಿ ಅಂಥದೊಂದು ಕಮ್ಮಟವಿತ್ತು. ಆ ಊರಿನ ಹಳೆಯ ಹೆಸರಾದ ಲೊಕ್ಕಿಗುಂಡಿಯಿಂದಲೇ 'ಲೊಕ್ಕಿ ಗದ್ಯಾಣ' ಎಂಬ ನಾಣ್ಯದ ಹೆಸರು ಬಂತು. ಇಂದು ನಾವು ದಿನಕ್ಕೆ ಹತ್ತು ಸಲ ಆಡುವ 'ಹಣ' ಎಂಬ ಮಾತು ಕೂಡ 'ಪಣ' ಎಂಬ ಪುಟ್ಟ ನಾಣ್ಯದ ಹೆಸರೇ. ಮೈಸೂರಿನಲ್ಲಿ ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹನ ಮುದ್ರೆಯ ಚಿನ್ನದ ಹಣವನ್ನು ಹೊರಡಿಸಿದರು. ತೊಗರಿಬೇಳೆಯಷ್ಟು ಅಗಲದ ಆ ನಾಣ್ಯದಲ್ಲಿ ನರಸಿಂಹನ ಇಡೀ ರೂಪ ಒಂದೇ ಸಮನೆ ಮೂಡಿ ಬರುವುದು ಅಪರೂಪ. ಟಿಪ್ಪುವಿನ ಆನೆಯ ಮುದ್ರೆಯ ತಾಮ್ರದ ಪೈಸೆಗಳಲ್ಲಿಯೂ ಬಿಲ್ಲೆಗಿಂತ ಅಚ್ಚು ದೊಡ್ಡದಾಗಿ, ಆನೆಯ ಬಾಲವೋ ಸುತ್ತಣ ಚುಕ್ಕಿಗಳೋ ಹೊರಗೆ ಉಳಿದಿರುವುದುಂಟು.

ಇಲ್ಲಿ ಮೊದಲನೆಯ ಪಾಠ. ಒಂದು ನಾಣ್ಯವನ್ನು ಅದು ಹುಟ್ಟಿದ ಕಾಲದ ಕೈಕೆಲಸದ ಅಳತೆಯಿಂದಲೇ ನೋಡಬೇಕು. ಕೈಯೇಟಿನ ನಾಣ್ಯದಲ್ಲಿ ಚಿತ್ರ ಪಕ್ಕಕ್ಕೆ ಸರಿದಿದ್ದರೆ ಅದು ಆ ಜಾತಿಯ ಸ್ವಭಾವ. ಚಿತ್ರ ಪೂರ್ತಿಯಾಗಿ ನಡುವೆಯೇ ಬಿದ್ದಿದ್ದರೆ ಅದು ಆ ನಾಣ್ಯದ ಪುಣ್ಯ. ಬಲ್ಲವರು ಅದಕ್ಕೆ ಹೆಚ್ಚು ಕೊಡುತ್ತಾರೆ. ಯಂತ್ರದ ನಾಣ್ಯಕ್ಕೆ ಈ ವಿನಾಯಿತಿ ಇಲ್ಲ.

ಯಂತ್ರದ ನಾಣ್ಯವನ್ನು ಅರಿಯಲು ಟಂಕಸಾಲೆಯ ಕಡೆಗೇ ಹೋಗಬೇಕು. ಸಂಗ್ರಹಾಲಯದಿಂದ ಹೊರಟು ಹಾರ್ನಿಮನ್ ವೃತ್ತದ ಮರಗಳ ನೆರಳಿಗೆ ಬಂದರೆ ಎದುರಿಗೆ ಎತ್ತರದ ಮೆಟ್ಟಿಲ ಸಾಲು, ಅದರ ಮೇಲೆ ದಪ್ಪ ಕಂಬಗಳ ಟೌನ್ ಹಾಲ್ ಕಾಣುತ್ತದೆ. ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ ಇರುವುದು ಅದರಲ್ಲಿಯೇ. ಅದನ್ನು ದಾಟಿ ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ಹಳೆಯ ಮಾತಿನಲ್ಲಿ ಮಿಂಟ್ ರೋಡಿನಲ್ಲಿ, ತುಸು ನಡೆದರೆ ಒಂದು ಪಕ್ಕಕ್ಕೆ ಆಕಾಶಕ್ಕೇರಿದ ರಿಜರ್ವ್ ಬ್ಯಾಂಕ್, ಎದುರಿಗೆ ಅಗಲವಾಗಿ ಕುಳಿತ ಟಂಕಸಾಲೆ. ಬಾಂಬೆ ಎಂಜಿನಿಯರ್ಸ್ ದಳದ ಜಾನ್ ಹಾಕಿನ್ಸ್ ಎಂಬ ಅಧಿಕಾರಿ ೧೮೨೪ರಿಂದ ೧೮೩೦ರ ಅವಧಿಯಲ್ಲಿ ಅದನ್ನು ಕಟ್ಟಿಸಿದ. ಆಡಂಬರವಿಲ್ಲದ ಕಟ್ಟಡ, ಮುಂಭಾಗದಲ್ಲಿ ಮಾತ್ರ ಗ್ರೀಕ್ ಮಾದರಿಯ ಕಂಬಗಳ ಮೊಗಸಾಲೆ. ನಾಣ್ಯ ಮಾಡಿಸುವುದು ಕೇಂದ್ರ ಸರ್ಕಾರ, ಅದನ್ನು ಜನಕ್ಕೆ ಹಂಚುವುದು ರಿಜರ್ವ್ ಬ್ಯಾಂಕು. ರಸ್ತೆಯ ಈಚೆಗೊಂದು, ಆಚೆಗೊಂದು ಎದುರುಬದುರಾಗಿ ನಿಂತಿರುವುದನ್ನು ಮಕ್ಕಳಿಗೆ ತೋರಿಸಿದರೆ ಪಠ್ಯಪುಸ್ತಕದ ಒಂದು ಪಾಠ ನಿಂತಲ್ಲಿಯೇ ಮುಗಿದಂತೆ.

ಒಳಗೆ ನಡೆಯುವ ಕೆಲಸದ ಕ್ರಮ ಇದು. ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಸುತ್ತಲ ಅಂಚನ್ನು ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ. ಆಮೇಲೆ ಬಿಲ್ಲೆಯನ್ನು ಒಂದು ಉಕ್ಕಿನ ಬಳೆಯೊಳಗೆ ಇಟ್ಟು ಮೇಲೊಂದು ಕೆಳಗೊಂದು ಅಚ್ಚುಗಳಿಂದ ಒತ್ತುತ್ತಾರೆ. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಎರಡು ಮುಖಗಳ ಚಿತ್ರವೂ ಮೂಡುತ್ತದೆ; ಬಳೆಯ ಒಳಮೈಯಲ್ಲಿ ಗೀರುಗಳಿದ್ದರೆ ಅಂಚಿನ ಗೀರುಗಳೂ ಅದೇ ಏಟಿಗೆ ಮೂಡುತ್ತವೆ. ಇಂದಿನ ಯಂತ್ರಗಳು ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಹೀಗೆ ಒತ್ತಿ ಹಾಕುತ್ತವೆ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರೆಲ್ಲರೂ ಅರ್ಧ ಟಂಕಸಾಲೆಯ ವಿದ್ಯೆಯನ್ನು ಬಲ್ಲರು. ಮರದ ಅಚ್ಚು ಹಳೆಯದಾಗಿ ಸವೆದಿದ್ದರೆ ಎಷ್ಟೇ ಒಳ್ಳೆಯ ಪಾಕ ಹೊಯ್ದರೂ ಆನೆಯ ಕಣ್ಣು ಮೂಡುವುದಿಲ್ಲ. ಅಚ್ಚು ಹೊಸದಾಗಿದ್ದು ಪಾಕ ಮೂಲೆಗೆ ತುಂಬದೆ ಹೋದರೆ ಸೊಂಡಿಲ ತುದಿ ಮೊಂಡಾಗುತ್ತದೆ. ಎರಡೂ ಸರಿಯಾಗಿ ಬಂದ ಆನೆಯನ್ನು ಮಕ್ಕಳು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರೆ ಸಂಜೆಯೊಳಗೆ ಅದರ ಮೈ ನುಣ್ಣಗಾಗುತ್ತದೆ. ಮೂರು ಆನೆಗಳಿಗೂ ಕುಂದು ಉಂಟು, ಆದರೆ ಕಾರಣಗಳು ಬೇರೆ ಬೇರೆ. ನಾಣ್ಯದಲ್ಲಿಯೂ ಅಷ್ಟೇ: ಅಚ್ಚು ಸವೆದದ್ದು ಒಂದು, ಒತ್ತು ಸಾಲದ್ದು ಇನ್ನೊಂದು, ಕೈಯಿಂದ ಕೈಗೆ ಓಡಾಡಿ ಸವೆದದ್ದು ಮತ್ತೊಂದು. ಮೊದಲ ಎರಡು ಹುಟ್ಟಿನಿಂದ ಬಂದವು, ಮೂರನೆಯದು ಬಾಳಿನಿಂದ ಬಂದದ್ದು. ಈ ಮೂರನ್ನು ಬೇರ್ಪಡಿಸಿ ಹೇಳಬಲ್ಲವನು ನಾಣ್ಯ ನೋಡಲು ಕಲಿತ ಹಾಗೆ.

ಹೊಳಪಿನಲ್ಲಿಯೂ ಮೂರು ಬಗೆ. ಮೊದಲನೆಯದು ಪೇಟೆಯ ಚಲಾವಣೆಗಾಗಿ ಒತ್ತಿದ ನಾಣ್ಯದ್ದು. ಒತ್ತಿನ ಭಾರಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಸಾವಿರಾರು ಬಿಲ್ಲೆಗಳು ಹೀಗೆ ಹರಿದು ಹರಿದು ಅಚ್ಚಿನ ಮೈಯಲ್ಲಿ ಕೂದಲೆಳೆಗಿಂತ ಸಣ್ಣ ಗೆರೆಗಳು ಬೀಳುತ್ತವೆ. ಅವು ನಾಣ್ಯದ ಮೇಲೂ ಮೂಡುತ್ತವೆ. ಅಂಥ ಹೊಸ ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ಓರೆಮಾಡಿ ತಿರುಗಿಸಿದರೆ ಬೆಳಕು ಗಾಲಿಯ ಅರಗಳ ಹಾಗೆ ಸುತ್ತುತ್ತದೆ. ರೇಷ್ಮೆಯ ಸೆರಗನ್ನು ಅತ್ತ ಇತ್ತ ತಿರುಗಿಸಿದಾಗ ಹೊಳಪು ಓಡಾಡುವುದಿಲ್ಲವೆ, ಹಾಗೆ. ಇದೇ ನಾಣ್ಯದ ಹುಟ್ಟು ಹೊಳಪು. ಉಜ್ಜಿ ಬೆಳಗಿದ ನಾಣ್ಯ ಸ್ಟೀಲ್ ಲೋಟದಂತೆ ಮಿಂಚುತ್ತದೆ, ಆದರೆ ಅದರ ಬೆಳಕು ಸುತ್ತುವುದಿಲ್ಲ.

ಎರಡನೆಯದು ಸಂಗ್ರಾಹಕರಿಗಾಗಿ ಎಚ್ಚರದಿಂದ ತೆಗೆದಿಟ್ಟ, ಚಲಾವಣೆಗೆ ಬಾರದ ನಾಣ್ಯ. ಪೇಟೆಯ ನಾಣ್ಯಗಳು ಒತ್ತಾದ ಕೂಡಲೆ ಒಂದರ ಮೇಲೊಂದು ಚೀಲಕ್ಕೆ ಬಿದ್ದು ಗೀಚಿಕೊಳ್ಳುತ್ತವೆ. ಇವುಗಳಿಗೆ ಆ ಗೀಚು ಕಡಮೆ. ಮೂರನೆಯದು 'ಪ್ರೂಫ್'. ಇದಕ್ಕೆ ಅಚ್ಚನ್ನೂ ಬಿಲ್ಲೆಯನ್ನೂ ಮೊದಲೇ ಕನ್ನಡಿಯಂತೆ ನಯಗೊಳಿಸಿ, ನಿಧಾನವಾಗಿ, ಹೆಚ್ಚು ಭಾರದಿಂದ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲೆಲ್ಲ ಮುಖ ಕಾಣುವಷ್ಟು ನುಣುಪು. ಚಿತ್ರವು ಮಾತ್ರ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿದಂತೆ ಮಂಜು ಬಿಳುಪು. ಅಂಚುಗಳು ಚೂಪು, ಅಕ್ಷರಗಳು ಕೆತ್ತಿ ನಿಲ್ಲಿಸಿದಂತೆ. ಇಲ್ಲಿ ಹೊಸಬರು ನೆನಪಿಡಬೇಕಾದ ಒಂದು ಸಂಗತಿಯುಂಟು. ಪ್ರೂಫ್ ಎಂಬುದು ದರ್ಜೆಯಲ್ಲ, ಮಾಡುವ ವಿಧಾನ. ಪ್ರೂಫ್ ನಾಣ್ಯ ಕೈಗೆ ಸಿಕ್ಕಿ ಗೀಚುಬಿದ್ದರೂ ಪ್ರೂಫೇ. ಆದರೆ ಕೆಟ್ಟ ಸ್ಥಿತಿಯ ಪ್ರೂಫ್. ಪೇಟೆಯ ನಾಣ್ಯ ಎಷ್ಟೇ ಹೊಳೆದರೂ ಪ್ರೂಫ್ ಆಗಲಾರದು. ಹಳೆಯ ಅಚ್ಚುಗಳಿಂದ ಎಷ್ಟೋ ವರ್ಷಗಳ ಮೇಲೆ ಸಂಗ್ರಾಹಕರಿಗಾಗಿ ಮತ್ತೆ ಒತ್ತಿದ ನಾಣ್ಯಗಳೂ ಉಂಟು. ಅವನ್ನು ಮೂಲದವೆಂದು ತಿಳಿದು ಮೂಲದ ಬೆಲೆ ಕೊಡಬಾರದು.

ನಾಣ್ಯ ಎಲ್ಲಿ ಹುಟ್ಟಿತೆಂಬುದೂ ಅದರ ಮೈಮೇಲೆಯೇ ಬರೆದಿದೆ. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಿ. ವಜ್ರಾಕೃತಿಯ ಗುರುತಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕಲ್ಕತ್ತೆ. ಆ ಊರು ತನ್ನ ಗುರುತನ್ನು ಹಾಕಿಕೊಳ್ಳುವುದಿಲ್ಲ. ಮುಂಬಯಿಯ ಪ್ರೂಫ್ ನಾಣ್ಯಗಳ ಮೇಲೆ ಹಿಂದೆ 'ಬಿ' ಎಂಬ ಇಂಗ್ಲಿಷ್ ಅಕ್ಷರವಿರುತ್ತಿತ್ತು. ೧೯೯೫ರಲ್ಲಿ ಊರಿನ ಹೆಸರು ಅಧಿಕೃತವಾಗಿ ಬದಲಾದ ಮೇಲೆ ಅದು 'ಎಂ' ಆಯಿತು. ಊರಿನ ನಾಮಕರಣವನ್ನು ನಾಣ್ಯವೂ ದಾಖಲಿಸಿಕೊಂಡಿದೆ ಎನ್ನಬೇಕು. ಹೈದರಾಬಾದಿನಲ್ಲಿರುವ ನಮ್ಮವರು ತಮ್ಮ ನಕ್ಷತ್ರವನ್ನೂ, ದೆಹಲಿಯ ಕಡೆಯವರು ತಮ್ಮ ಚುಕ್ಕಿಯನ್ನೂ ಹುಡುಕಿಕೊಳ್ಳಲಿ.

ಮೂರನೆಯ ತಾಣ ಬೀದಿಯೇ. ಫೋರ್ಟಿನ ಕಾಲುದಾರಿಗಳಲ್ಲಿ ಬಟ್ಟೆ ಹಾಸಿ ಹಳೆಯ ನಾಣ್ಯ ಹರಡಿಕೊಂಡು ಕುಳಿತವರು ಸಿಗುತ್ತಾರೆ. ಇನ್ನೂ ಬೇಕೆಂದವರು ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವರು. ಅಲ್ಲಿಗೆ ಹೋಗುವ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ನೋಡುವ ಕ್ರಮವನ್ನು ಹೇಳುತ್ತೇನೆ.

ಮೊದಲು ಚಿತ್ರದ ಅತಿ ಎತ್ತರದ ಭಾಗಗಳನ್ನು ನೋಡಬೇಕು. ರಾಣಿಯ ನಾಣ್ಯದಲ್ಲಿ ಕಿರೀಟ, ಕೂದಲು ಮತ್ತು ಕುಪ್ಪಸದ ಕುಸುರಿ. ರಾಜನ ನಾಣ್ಯದಲ್ಲಿ ಕಿವಿ, ಹುಬ್ಬು, ಗಡ್ಡ. ಸ್ವತಂತ್ರ ಭಾರತದ ನಾಣ್ಯದಲ್ಲಿ ಅಶೋಕಸ್ತಂಭದ ನಡುಸಿಂಹದ ಎದೆಯ ಕೇಸರ. ಸವೆತ ಮೊದಲು ಹತ್ತುವುದು ಇಲ್ಲಿಗೇ. ಆ ಭಾಗ ಮಟ್ಟಸವಾಗಿ, ಸುತ್ತಣ ಬಣ್ಣಕ್ಕಿಂತ ಬೇರೆಯಾಗಿ, ಮಬ್ಬಾಗಿದ್ದರೆ ಅದು ಸವೆತ. ಬದಲಾಗಿ ಆ ಭಾಗ ಮೊಂಡಾಗಿದ್ದೂ ಅದರ ಮೇಲೆ ಬಿಲ್ಲೆಯ ಹಳೆಯ ಒರಟು ಗೀರುಗಳು ಹಾಗೆಯೇ ಉಳಿದು, ಪಕ್ಕದಲ್ಲಿ ಹುಟ್ಟು ಹೊಳಪು ಅಖಂಡವಾಗಿದ್ದರೆ ಅದು ಒತ್ತಿನ ಕೊರತೆ. ಆಗ ನಾಣ್ಯವನ್ನು ತಿರುಗಿಸಿ ಸರಿಯಾಗಿ ಅದರ ಬೆನ್ನಹಿಂದಣ ಜಾಗವನ್ನು ನೋಡಿ. ಎರಡು ಕಡೆಯೂ ಆಳವಾದ ಚಿತ್ರವಿದ್ದರೆ ಎರಡಕ್ಕೂ ಸಾಕಾಗುವಷ್ಟು ಲೋಹ ಹರಿಯದೆ ಅಲ್ಲಿಯೂ ಮೊಂಡು ಕಾಣುವುದುಂಟು. ಅಕ್ಷರಗಳು ಅಂಚಿನ ಕಡೆಗೆ ಊದಿಕೊಂಡು ಹರಡಿದ್ದು, ಹೊಳಪು ಮಾತ್ರ ಚೆನ್ನಾಗಿದ್ದರೆ ಅದು ಸವೆದ ಅಚ್ಚಿನ ಗುರುತು.

ಕೆಲವು ಸಲ ತಪ್ಪು ಅಚ್ಚಿನದೂ ಅಲ್ಲ, ಒತ್ತಿನದೂ ಅಲ್ಲ, ಕೆತ್ತಿದವನದು. ೧೯೧೧ರ ಐದನೆಯ ಜಾರ್ಜನ ರೂಪಾಯಿ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ರಾಜನ ಉಡುಪಿನ ಮೇಲೆ ಒಂದು ಪುಟ್ಟ ಆನೆಯ ಚಿತ್ರವಿತ್ತು. ಸೊಂಡಿಲು ಸರಿಯಾಗಿ ಕಾಣದೆ ಜನರ ಕಣ್ಣಿಗೆ ಅದು ಹಂದಿಯಂತೆ ತೋರಿತು. ಗೊಂದಲವೆದ್ದು, ೧೯೧೨ರಿಂದ ಆನೆಯನ್ನು ತಿದ್ದಿ ಕೆತ್ತಿದರು. ಇಂದಿಗೂ ಸಂಗ್ರಾಹಕರು ಅದನ್ನು 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ. ಬೆರಳುಗುರಿನಷ್ಟೂ ಇಲ್ಲದ ಒಂದು ಚಿತ್ರವನ್ನು ನಮ್ಮ ಹಿರಿಯರು ಎಷ್ಟು ನಿಟ್ಟಿಸಿ ನೋಡಿದ್ದರೆಂದು ಯೋಚಿಸಿ!

ಚಿತ್ರ ಪಕ್ಕಕ್ಕೆ ಜಾರಿದ್ದು, ಅಂಚು ಚಂದ್ರನಂತೆ ಕತ್ತರಿಸಿದ್ದು, ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡದ್ದರಿಂದ ಒಂದೇ ಚಿತ್ರ ಎರಡು ಮುಖದಲ್ಲಿಯೂ, ಒಂದು ಕಡೆ ಉಬ್ಬಾಗಿ ಇನ್ನೊಂದು ಕಡೆ ತಗ್ಗಾಗಿ, ಬಂದದ್ದು, ಇವು ಟಂಕಸಾಲೆಯ ತಪ್ಪುಗಳು. ಇವುಗಳಿಗೆ ಆಸೆಪಡುವವರಿದ್ದಾರೆ. ಆದರೆ ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದು, ಅರದಿಂದ ಉಜ್ಜಿದ್ದು, ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತದ್ದು, ಇವೆಲ್ಲ ಹೊರಗಿನ ಗಾಯಗಳು. ಹುಟ್ಟಿನ ತಪ್ಪಿಗೆ ಬೆಲೆಯುಂಟು, ಗಾಯಕ್ಕೆ ಇಲ್ಲ.

ಈಗ ತೊಳೆಯುವ ಮಾತು. ಬೀದಿಯಲ್ಲಿ ಹೆಚ್ಚು ಮಿನುಗುವ ಹಳೆಯ ನಾಣ್ಯವನ್ನು ಕಂಡರೆ ಹೆಚ್ಚು ಸಂಶಯ ಪಡಬೇಕು. ಬೆಳ್ಳಿ ಗಾಳಿಗೆ ಕ್ರಮೇಣ ಕಂದಿ ಬೂದು, ಕಪ್ಪು, ಕೆಲವೊಮ್ಮೆ ನೀಲಿಯ ಛಾಯೆ ತಾಳುತ್ತದೆ. ತಾಮ್ರ ಕೆಂಪಿನಿಂದ ಕಂದಿಗೆ ತಿರುಗುತ್ತದೆ. ಅದು ಕೊಳೆಯಲ್ಲ, ವಯಸ್ಸು. ಹುಣಸೆಹಣ್ಣು, ಬೂದಿ, ಪಾತ್ರೆ ಬೆಳಗುವ ಪುಡಿ, ಇವು ಆ ವಯಸ್ಸನ್ನು ಕಳೆಯುವುದರ ಜೊತೆಗೆ ಹುಟ್ಟು ಹೊಳಪಿನ ಆ ಸೂಕ್ಷ್ಮ ಗೆರೆಗಳನ್ನೂ ತಿಂದುಬಿಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೇ ದಿಕ್ಕಿಗೆ ಹರಿದ ನೂರಾರು ಗೀರುಗಳು ಕಾಣುತ್ತವೆ. ಒಮ್ಮೆ ಹೋದ ಹುಟ್ಟು ಹೊಳಪನ್ನು ಮತ್ತೆ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದನ್ನು ಹೇಳುವುದು ಸುಲಭ. ಮನೆಯಲ್ಲಿ ನಡೆಸುವುದು ಅಷ್ಟು ಸುಲಭವಲ್ಲ. ನಮ್ಮ ಚಾಳಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕು. ಅವರ ಮೊಮ್ಮಗನಿಗೆ ನಾಣ್ಯದ ಹುಚ್ಚು ಹಿಡಿದಿದೆ. ದೀಪಾವಳಿಯ ಮುನ್ನಾದಿನ ಅವನು ಅಜ್ಜಿಯ ಕೈಯಿಂದ ಹುಣಸೆಹಣ್ಣಿನ ಬಟ್ಟಲನ್ನು ಕಸಿದುಕೊಂಡನಂತೆ. ತಕರಾರು ನನ್ನ ಬಳಿಗೆ ಬಂತು.

"ತಮ್ಮಾ, ನೀ ಇವಗ ಏನ ಕಲಿಸೀಯೋ ನಾ ಅರಿಯೆ. ಲಕ್ಷ್ಮೀ ಮುಂದ ಕರ್ರಗಿನ ರೂಪಾಯಿ ಇಡಲೇನು? ನಮ್ಮತ್ತಿ ಕಾಲದಿಂದ ತಿಕ್ಕೇ ಇಡೂದು," ಎಂದರು ಕಾಕು.

"ಎಷ್ಟು ವರ್ಷದಿಂದ ತಿಕ್ಕುತ್ತಿದ್ದೀರಿ ಕಾಕೂ?"

"ನಾ ಈ ಮನಿಗೆ ಬಂದು ಐವತ್ತೆರಡು ವರ್ಷ ಆತು. ಅದಕ್ಕ ಮದಲ ನಮ್ಮತ್ತಿ."

ಡಬ್ಬಿಯಲ್ಲಿ ಹನ್ನೆರಡು ರೂಪಾಯಿಗಳಿದ್ದವು. ಪ್ರತಿವರ್ಷ ಪೂಜೆಗೆ ಇಡುತ್ತಿದ್ದದ್ದು ಮೇಲಿನ ಐದು. ಉಳಿದ ಏಳು ಹಳೆಯ ಬಟ್ಟೆಯಲ್ಲಿ ಸುತ್ತಿ ತಳದಲ್ಲಿ ಇದ್ದವು, ಕಪ್ಪಾಗಿದ್ದವು. ಎರಡರಿಂದಲೂ ಒಂದೊಂದನ್ನು ತೆಗೆದು, ಕಿಟಕಿಯ ಬೆಳಕಿಗೆ ಇಟ್ಟು, ಭೂತಗನ್ನಡಿಯನ್ನು ಕಾಕುವಿನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು.

"ಇದರಾಗ ರಾಣಿ ಕುಪ್ಪಸದ ಹೂ ಕಾಣತಾವ. ಇದರಾಗ ಬರೇ ಬಟ್ಟಿ," ಎಂದರು. ಆಮೇಲೆ ತಾವೇ ತೀರ್ಮಾನ ಕೊಟ್ಟರು: "ಹಂಗಾರ ಕರ್ರಗಿನ ಏಳೂ ಹುಡುಗಗ ಇರಲಿ, ಮುಟ್ಟೂದು ಬ್ಯಾಡ. ಈ ಐದು ಪೂಜಿಗೆ. ಆದರ ಇವನ್ನ ಮಾತ್ರ ಯಾರೂ ಮಾರಬ್ಯಾಡ್ರಿ. ಇದರಾಗ ನಮ್ಮತ್ತಿ ಕೈ ಅದ."

ಈ ಮಾತಿಗೆ ನನ್ನ ಭೂತಗನ್ನಡಿಯಲ್ಲಿ ಉತ್ತರವಿರಲಿಲ್ಲ. ಬೆಲೆಪಟ್ಟಿಯ ಲೆಕ್ಕದಲ್ಲಿ ಆ ಐದು ರೂಪಾಯಿಗಳು ಬೆಳ್ಳಿಯ ತೂಕಕ್ಕೆ ಮಾರುವಂಥವು. ಒಂದೊಂದೂ ಒಂದು ತೊಲ, ಎಂದರೆ ೧೧.೬೬ ಗ್ರಾಮು, ಅದರಲ್ಲಿಯೂ ಸವೆದದ್ದನ್ನು ಕಳೆಯಬೇಕು. ಆದರೆ ಎರಡು ತಲೆಮಾರಿನ ಹೆಂಗಸರು ವರ್ಷಕ್ಕೊಮ್ಮೆ ಭಕ್ತಿಯಿಂದ ತಿಕ್ಕಿದ್ದು ಆ ಮನೆಗೆ ಬೇರೆಯೇ ಬೆಲೆಯುಳ್ಳದ್ದು. ನಾಣ್ಯಶಾಸ್ತ್ರ ಕಲಿಯುವ ಹುಡುಗರು ಈ ಎರಡು ಲೆಕ್ಕಗಳನ್ನೂ ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳಲಿ. ಪೂಜೆಗೆ ಕೆಲವನ್ನು ಗೊತ್ತುಮಾಡಿ, ಉಳಿದವನ್ನು ಹಾಗೆಯೇ ಬಿಟ್ಟರೆ ಮನೆಯ ಹಿರಿಯರಿಗೂ ಸಮಾಧಾನ, ನಾಣ್ಯಕ್ಕೂ ಕ್ಷೇಮ.

ಇನ್ನು ಕೆಲವು ವ್ಯವಹಾರದ ಮಾತುಗಳು. ನಾಣ್ಯವನ್ನು ಯಾವಾಗಲೂ ಅಂಚು ಹಿಡಿದು ಎತ್ತಬೇಕು. ಮುಖದ ಮೇಲೆ ಬೆರಳಿಟ್ಟರೆ ಬೆವರಿನ ಗುರುತು ಕ್ರಮೇಣ ಕಲೆಯಾಗುತ್ತದೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಂಡು ನೋಡಬೇಕು. ಅಗ್ಗದ ಪ್ಲಾಸ್ಟಿಕ್ ಕಿಸೆಗಳ ಹಾಳೆಗಳಲ್ಲಿ ಪಿವಿಸಿ ಎಂಬುದು ಇದ್ದರೆ ಕೆಲವು ವರ್ಷಗಳಲ್ಲಿ ಅದು ನಾಣ್ಯಕ್ಕೆ ಹಸುರು ಜಿಗುಟನ್ನು ಹಚ್ಚುತ್ತದೆ; ಆದಕಾರಣ ಪಿವಿಸಿ ಇಲ್ಲದ ಕವಚಗಳನ್ನು ಕೇಳಿ ಕೊಳ್ಳಬೇಕು. ಮುಂಬಯಿ, ಮದರಾಸುಗಳಂಥ ಕಡಲ ಊರಿನ ಗಾಳಿಯಲ್ಲಿ ತೇವ ಹೆಚ್ಚು. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಇಟ್ಟು, ಮಳೆಗಾಲ ಕಳೆದ ಮೇಲೆ ಬದಲಾಯಿಸಿದರೆ ಸಾಕು.

ಹೊಸ ಪ್ರೂಫ್ ನಾಣ್ಯಗಳು ಬೇಕಾದರೆ ಬೀದಿಗೆ ಹೋಗಬೇಕಾಗಿಲ್ಲ. ಟಂಕಸಾಲೆಗಳನ್ನು ನಡೆಸುವ ಕೇಂದ್ರ ಸರ್ಕಾರದ ನಿಗಮ, ೨೦೦೬ರಲ್ಲಿ ಸ್ಥಾಪನೆಯಾದದ್ದು, ಸ್ಮರಣಾರ್ಥ ನಾಣ್ಯಗಳನ್ನು ತಾನೇ ಜನರಿಗೆ ಮಾರುತ್ತದೆ. ಆದರೆ ನಮ್ಮಂಥ ಸಂಬಳದವರು ಆರಂಭದಲ್ಲಿಯೇ ಅಲ್ಲಿಗೆ ಹೋಗಿ ದುಡ್ಡು ಸುರಿಯುವುದು ಬೇಡ. ಕಣ್ಣು ಕಲಿತ ಮೇಲೆ ಕೈ ಬಿಚ್ಚಿದರೆ ಸಾಕು. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ವೈಷ್ಣೋದೇವಿಯ ಚಿತ್ರವಿರುವ ೨೦೧೨ರ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಳುಹಿಸಿ ಎಂಬಂಥ ಸಂದೇಶಗಳು ಫೋನಿಗೆ ಬರುತ್ತಿರುತ್ತವೆ. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು ನಾಣ್ಯಗಳ ವ್ಯಾಪಾರಕ್ಕೆ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಜರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು. ಇಷ್ಟು ವಿವೇಕವಿದ್ದರೆ ಮನೆಯ ಡಬ್ಬಿಯೂ ಉಳಿಯುತ್ತದೆ, ಬ್ಯಾಂಕಿನ ಪುಸ್ತಕವೂ ಉಳಿಯುತ್ತದೆ.

ಮೊದಲ ಅಭ್ಯಾಸಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ತರಕಾರಿಯವನೋ ಬಸ್ಸಿನ ಕಂಡಕ್ಟರನೋ ಕೊಟ್ಟ ಚಿಲ್ಲರೆಯಿಂದ ಒಂದೇ ಬೆಲೆಯ ಹತ್ತು ನಾಣ್ಯಗಳನ್ನು ಆರಿಸಿ, ಊಟವಾದ ಮೇಲೆ ಮಕ್ಕಳೊಡನೆ ದೀಪದ ಕೆಳಗೆ ಹರಡಿ. ಯಾವುದು ಯಾವ ಊರಿನಲ್ಲಿ ಹುಟ್ಟಿತು? ಯಾವುದರ ಬೆಳಕು ಇನ್ನೂ ಸುತ್ತುತ್ತದೆ? ಯಾವುದರ ಸಿಂಹ ಸವೆದಿದೆ, ಯಾವುದರದು ಹುಟ್ಟುವಾಗಲೇ ಮೊಂಡಾಗಿದೆ? ಹತ್ತನ್ನೂ ಒಂದರ ಪಕ್ಕದಲ್ಲೊಂದು ಇಟ್ಟು ಹೀಗೆ ಹತ್ತು ದಿನ ನೋಡಿದ ಕಣ್ಣನ್ನು ಬೀದಿಯ ಯಾವ ಮಾರಾಟಗಾರನೂ ಸುಲಭವಾಗಿ ಮೋಸಗೊಳಿಸಲಾರ. ಆಮೇಲೆ ಬರುವ ರಜೆಯಲ್ಲಿ ಫೋರ್ಟಿಗೆ ಹೊರಡಿ. ಊರಿನಿಂದ ನೆಂಟರು ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರ ಡಬ್ಬಿಯಲ್ಲಿ ಏನಿದೆಯೆಂದು ದಾರಿಯಲ್ಲಿ ಕೇಳಿ ನೋಡಿ.